ಹಾರುವುದು ಯಾವುದು ಎಂದು ಮೊದಲು ಕೇಳಿ

ಸಂಜೆ ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ಚಹಾದಂಗಡಿಗಳ ಮುಂದೆ ಗೈಡು ಹಿಡಿದು ನಿಂತ ಹುಡುಗ ಹುಡುಗಿಯರು ಕಾಣುತ್ತಾರೆ. ಕೊಪ್ಪಳ, ಬೀದರ, ವಿಜಯಪುರದ ಹಳ್ಳಿಗಳಿಂದ ಬಂದು ರೂಮು ಹಿಡಿದು ಓದುತ್ತಿರುವವರು. ಲೆಕ್ಕ, ರೀಸನಿಂಗ್, ಸಾಮಾನ್ಯ ಜ್ಞಾನ ಹೇಗೋ ಒಂದು ಹದಕ್ಕೆ ಬಂದಿರುತ್ತವೆ. ಕೈ ಕೊಡುವುದು ಇಂಗ್ಲಿಷ್, ಅದರಲ್ಲೂ ಈಡಿಯಮ್ಸ್. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ತಪ್ಪಾದರೆ ಅರ್ಧ ಅಂಕ ಕಡಿತ. ಅಲ್ಲಿ ನುಡಿಗಟ್ಟಿನ ಪ್ರಶ್ನೆ ಇಣುಕುವುದು ಸಾಮಾನ್ಯ. ಅದಕ್ಕೆಂದೇ ಐನೂರು, ಸಾವಿರ ನುಡಿಗಟ್ಟುಗಳ ಪಟ್ಟಿ ಕಟ್ಟಿಕೊಂಡು ಬಾಯಿಪಾಠ ಮಾಡುತ್ತಾರೆ. ಒಂದು ವಾರದಲ್ಲಿ ಅರ್ಧ ಮರೆತುಹೋಗುತ್ತದೆ.

ಪಟ್ಟಿಯ ದಾರಿ ನನಗೆ ಎಂದೂ ಸರಿ ಕಂಡಿಲ್ಲ. ಒಂದೊಂದು ಕುಟುಂಬವನ್ನು ಒಟ್ಟಿಗೆ ಹಿಡಿಯುವುದು ಮೇಲು. ಶುರುಮಾಡಲು ‘ಫ್ಲೈ’ ಎಂಬ ಪದದ ಕುಟುಂಬ ಒಳ್ಳೆಯದು. ದೊಡ್ಡದೂ ಹೌದು, ಮೋಸದ್ದೂ ಹೌದು. ಇಲ್ಲಿ ಅರ್ಥ ಹೊಳೆಯಬೇಕಾದರೆ ಒಂದೇ ಪ್ರಶ್ನೆ ಕೇಳಬೇಕು: ಹಾರುತ್ತಿರುವುದು ಯಾವುದು? ಬಾವುಟವೋ, ಕೊಡಲಿಯೋ, ಹಕ್ಕಿಯೋ, ನೊಣವೋ, ಓಡಿಹೋಗುವ ಮನುಷ್ಯನೋ, ವಿಮಾನವೋ? ಕನ್ನಡದಲ್ಲಿ ನಾವು ಇದನ್ನು ಯೋಚಿಸದೆಯೇ ಮಾಡುತ್ತೇವೆ. ನಿದ್ದೆ ಹಾರಿಹೋಗುತ್ತದೆ, ಎದೆ ಹಾರುತ್ತದೆ, ಅಧಿಕಾರಿ ಹಾರಿಕೆಯ ಉತ್ತರ ಕೊಡುತ್ತಾನೆ, ಗೆಳೆಯ ಕಾಗೆ ಹಾರಿಸುತ್ತಾನೆ. ಇವುಗಳಿಗೆಲ್ಲ ರೆಕ್ಕೆ ಹುಡುಕಲು ಯಾರೂ ಹೋಗುವುದಿಲ್ಲ.

ಅತಿ ಹೆಚ್ಚು ಕಿವಿಗೆ ಬೀಳುವ ‘ವಿತ್ ಫ್ಲೈಯಿಂಗ್ ಕಲರ್ಸ್’ನಿಂದ ಹೊರಡೋಣ. ಕೋಚಿಂಗ್ ತರಗತಿಯಲ್ಲಿ ಈ ಮಾತು ಬಂದಾಗ ನಡೆಯುವ ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

“ಸರ್, ಕಲರ್ಸ್ ಅಂದ್ರ ಬಣ್ಣ ಅಲ್ರೀ? ರಂಗಪಂಚಮಿ ಆಡಿದಂಗ ಖುಷಿಲೆ ಪಾಸಾದಾ ಅಂತಿರಬೇಕು.”

“ಖುಷಿ ಅನ್ನೂದು ಖರೇ ಐತಿ ತಮ್ಮಾ, ಬಣ್ಣ ಅಲ್ಲ. ಹುಬ್ಬಳ್ಳ್ಯಾಗ ಬೆಂಗೇರಿ ನೋಡಿಯೇನು? ಅಲ್ಲಿ ಏನ್ ಹೊಲೀತಾರ ಹೇಳು?”

“ಝಂಡಾ ರೀ.”

“ಹಾಂ. ಅದಽ ಕಲರ್ಸ್.”

ಇಲ್ಲಿ ‘ಕಲರ್ಸ್’ ಎಂದರೆ ಬಾವುಟ. ಸೇನೆಯ ರೆಜಿಮೆಂಟಿಗೆ ‘ಪ್ರೆಸಿಡೆಂಟ್ಸ್ ಕಲರ್ಸ್’ ಪ್ರದಾನ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ, ಅಲ್ಲಿ ರಾಷ್ಟ್ರಪತಿಗಳು ಕೊಡುವುದು ಧ್ವಜವನ್ನೇ. ಹಾಯಿಹಡಗುಗಳ ಕಾಲದಲ್ಲಿ ಯುದ್ಧ ಸೋತು ಶರಣಾದ ಹಡಗು ತನ್ನ ಬಾವುಟವನ್ನು ಕೆಳಗಿಳಿಸುತ್ತಿತ್ತು. ಗೆದ್ದದ್ದು ಬಾವುಟ ಹಾರಿಸಿಕೊಂಡೇ ಬಂದರಿಗೆ ಬರುತ್ತಿತ್ತು. ದಡದಲ್ಲಿ ನಿಂತವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೀಗಾಗಿ ‘ಶಿ ಪಾಸ್ಡ್ ವಿತ್ ಫ್ಲೈಯಿಂಗ್ ಕಲರ್ಸ್’ ಎಂದರೆ ಎಲ್ಲರಿಗೂ ಕಾಣುವಂತೆ, ತಲೆಯೆತ್ತಿ, ಭರ್ಜರಿಯಾಗಿ ಪಾಸಾದಳು ಎಂದು. ಕಷ್ಟಪಟ್ಟು 35 ತೆಗೆದವರಿಗೆ ಇದು ಸಲ್ಲದು.

ಬೆಂಗೇರಿಯ ಹೆಸರು ಸುಮ್ಮನೆ ಬಂದದ್ದಲ್ಲ. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಅಲ್ಲಿದೆ. ಮಾನಕ ಬ್ಯೂರೋ ಒಪ್ಪಿದ ಅಳತೆಗೆ ಖಾದಿ ರಾಷ್ಟ್ರಧ್ವಜ ತಯಾರಾಗಿ ದೇಶದ ಮೂಲೆಮೂಲೆಗೆ ಹೋಗುವುದು ಅಲ್ಲಿಂದ. ಧಾರವಾಡ ತಾಲ್ಲೂಕಿನ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿಯಂಥ ಊರುಗಳಲ್ಲಿ ನೇಯ್ದ ಬಟ್ಟೆಗೆ ಬಣ್ಣ ಹಾಕಿ, ಕತ್ತರಿಸಿ, ಎರಡೂ ಬದಿಗೆ 24 ಅರಗಳ ಚಕ್ರ ಅಚ್ಚೊತ್ತಿ ಹೊಲಿಯುತ್ತಾರೆ. ಉದ್ದ ಅಗಲ ಯಾವಾಗಲೂ 3ಕ್ಕೆ 2. ಮೇಜಿನ ಮೇಲಿಡುವ ಪುಟ್ಟದರಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದ ದೊಡ್ಡದರವರೆಗೆ ಒಂಬತ್ತು ಅಳತೆ. ಹೊಲಿಗೆ ಯಂತ್ರದ ಕೆಳಗಿಂದ ಕೇಸರಿ ಪಟ್ಟಿ ಬಿಳಿ ಪಟ್ಟಿಗೆ ಕೂಡಿಕೊಂಡು ಸರಿದು ಬರುವುದನ್ನು ಒಮ್ಮೆ ನೋಡಿದವರಿಗೆ ‘ಕಲರ್ಸ್’ ಎಂಬುದಕ್ಕೆ ಬಾವುಟ ಎಂಬ ಅರ್ಥ ಮತ್ತೆ ಮರೆಯಲಿಕ್ಕಿಲ್ಲ.

ಅರ್ಥ ಕೂತ ಮೇಲೆ ಪಕ್ಕದ ಮಾತುಗಳೂ ತಾವಾಗಿ ಬಿಚ್ಚಿಕೊಳ್ಳುತ್ತವೆ. ‘ಶೋ ಒನ್ಸ್ ಟ್ರೂ ಕಲರ್ಸ್’ ಎಂದರೆ ನಿಜಬಣ್ಣ ಬಯಲಾಗುವುದು. ಕನ್ನಡದಲ್ಲಿ ಅದು ಬಣ್ಣವೇ, ಇಂಗ್ಲಿಷಿನಲ್ಲಿ ಅಲ್ಲ. ಬೇರೆ ದೇಶದ ಬಾವುಟ ಹಾರಿಸಿಕೊಂಡು ಹತ್ತಿರ ಬಂದು, ಕೊನೆಗೆ ತನ್ನ ಅಸಲಿ ಬಾವುಟ ಏರಿಸುವ ಹಡಗು ಅಲ್ಲಿನ ಚಿತ್ರ. ‘ನೇಲ್ ಯುವರ್ ಕಲರ್ಸ್ ಟು ದಿ ಮಾಸ್ಟ್’ ಎಂದರೆ ಬಾವುಟವನ್ನು ಕಂಬಕ್ಕೆ ಮೊಳೆ ಹೊಡೆದು ಬಿಡುವುದು, ಅಂದರೆ ಇಳಿಸಲು ಬಾರದಂತೆ ತನ್ನ ನಿಲುವನ್ನು ಬಹಿರಂಗವಾಗಿ ಸಾರುವುದು.

ಇನ್ನು ಓಡಿಹೋಗುವವರ ವಿಷಯ. ‘ಫ್ಲೈ’ಗೆ ಇಂಗ್ಲಿಷಿನಲ್ಲಿ ಪಲಾಯನ ಎಂಬ ಅರ್ಥವೂ ಹಳೆಯದು. ನಮ್ಮ ಓದುಗರು ಎಡವುವುದು ಹೆಚ್ಚಾಗಿ ಇಲ್ಲೇ. ಧಾರವಾಡ ಹೈಕೋರ್ಟ್ ಪೀಠದ ಜಾಮೀನು ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುವಾಗ ಆರೋಪಿ ‘ಫ್ಲೈಟ್ ರಿಸ್ಕ್’ ಎಂದು ಸರ್ಕಾರಿ ವಕೀಲರು ವಾದಿಸಿದರೆ, ಅವನು ವಿಮಾನ ಹತ್ತಿದರೆ ಅಪಾಯ ಎಂದಲ್ಲ. ಬಿಟ್ಟರೆ ತಲೆಮರೆಸಿಕೊಳ್ಳುತ್ತಾನೆ ಎಂದು. ಸೈಕಲ್ ಮೇಲೆ ಪರಾರಿಯಾಗುವವನೂ ಫ್ಲೈಟ್ ರಿಸ್ಕೇ. ‘ಕ್ಯಾಪಿಟಲ್ ಫ್ಲೈಟ್’ ಎಂದರೆ ಬಂಡವಾಳ ದೇಶ ಬಿಟ್ಟು ಓಡುವುದು. ಮನಃಶಾಸ್ತ್ರದ ಪಾಠದಲ್ಲಿ ಬರುವ ‘ಫೈಟ್ ಆರ್ ಫ್ಲೈಟ್’ ಎಂದರೆ ಅಪಾಯ ಎದುರಾದಾಗ ಹೊಡೆದಾಡು ಅಥವಾ ಓಡು ಎಂದು ಮೈ ಸಜ್ಜಾಗುವುದು. ಅದನ್ನು ವಿವರಿಸಿ ಪ್ರಸಿದ್ಧಿಗೆ ತಂದವನು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಶರೀರವಿಜ್ಞಾನಿ.

‘ಫ್ಲೈ ಬೈ ನೈಟ್’ ಈ ಕುಟುಂಬದ ಅತ್ಯಂತ ಉಪಯುಕ್ತ ಸದಸ್ಯ. ಹದಿನೆಂಟನೆಯ ಶತಮಾನದಲ್ಲಿ ಇದು ರಾತ್ರಿ ಹೊತ್ತು ಹಾರುವ ಮಾಟಗಾತಿಯೆಂದು ಮುದುಕಿಯರನ್ನು ಬೈಯುವ ಮಾತಾಗಿತ್ತು. ಮುಂದೆ ಬಾಡಿಗೆ ಕೊಡದೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟುವವರಿಗೆ ಅಂಟಿಕೊಂಡಿತು. ಈಗ ‘ಫ್ಲೈ ಬೈ ನೈಟ್ ಕಂಪನಿ’ ಎಂದರೆ ಇವತ್ತು ಬೋರ್ಡು ಹಾಕಿ, ಠೇವಣಿ ಎತ್ತಿ, ನಾಳೆ ಬೀಗ ಜಡಿದು ಹೋಗುವ ಸಂಸ್ಥೆ. ನೌಕರಿ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆಯುವ ಪ್ರಸಂಗ ಬಂದರೆ ಇದು ಕೈಗೆ ಒದಗುತ್ತದೆ. ರಾತ್ರಿಪಾಳಿಯಲ್ಲಿ ನಡೆಯುವ ಕಂಪನಿಗೆ ಮಾತ್ರ ಹೇಳಬೇಡಿ.

‘ಟೈಮ್ ಫ್ಲೈಸ್’ ಕೂಡ ಮೂಲದಲ್ಲಿ ಓಟವೇ. ರೋಮನ್ ಕವಿ ವರ್ಜಿಲ್ ಕಾಲ ಪಲಾಯನ ಮಾಡುತ್ತದೆ ಎಂಬರ್ಥದಲ್ಲಿ ಬರೆದದ್ದು ‘ಟೆಂಪಸ್ ಫ್ಯೂಜಿಟ್’ ಎಂಬ ಲ್ಯಾಟಿನ್ ಮಾತಾಗಿ ಗಡಿಯಾರಗಳ ಮೇಲೆಲ್ಲ ಬಂತು. ದೇಶ ಬಿಟ್ಟು ಓಡಿದ ಆರ್ಥಿಕ ಅಪರಾಧಿಗಳಿಗಾಗಿ 2018ರಲ್ಲಿ ಬಂದ ಕಾನೂನಿನ ಹೆಸರಿನಲ್ಲಿರುವ ‘ಫ್ಯುಜಿಟಿವ್’ ಅದೇ ಬೇರಿನದು. ಆದರೆ ಧಾರವಾಡದವರಿಗೆ ಈ ನುಡಿಗಟ್ಟನ್ನು ಓಟವೆಂದು ನೆನಪಿಡಿ ಎಂದರೆ ಕೇಳುವುದಿಲ್ಲ. ಸಾಧನಕೇರಿಯ ಬೇಂದ್ರೆಯವರು ಕಾಲವನ್ನೇ ಹಕ್ಕಿಯಾಗಿಸಿ ಬರೆದ ಕವಿತೆ ಇಲ್ಲಿ ಎಲ್ಲರಿಗೂ ಬಾಯಿಗೆ ಬರುತ್ತದೆ. ಇರಲಿ, ಹಕ್ಕಿಯೆಂದುಕೊಂಡರೂ ಅರ್ಥಕ್ಕೆ ಧಕ್ಕೆಯಿಲ್ಲ: ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಿಟ್ಟಿಗೆ ಬಂದರೆ ಇಂಗ್ಲಿಷೂ ಕನ್ನಡವೂ ಜೊತೆಯಾಗಿ ಹಾರುತ್ತವೆ. ‘ಫ್ಲೈ ಇನ್ಟು ಎ ರೇಜ್’ ಎಂದರೆ ಕೆಂಡಾಮಂಡಲವಾಗುವುದು. ನಮ್ಮಲ್ಲಿ “ಯಾಕ ಹಂಗ ಹಾರ್ಯಾಡ್ತೀ?” ಎನ್ನುವುದು ಅದನ್ನೇ. ‘ಫ್ಲೈ ಆಫ್ ದಿ ಹ್ಯಾಂಡಲ್’ನಲ್ಲಿ ಹಾರುವುದು ಕೊಡಲಿಯ ತಲೆ. ಕಾವು ಸಡಿಲಾದ ಕೊಡಲಿಯನ್ನು ಬೀಸಿದಾಗ ಅಲಗು ಕಳಚಿ ಎಲ್ಲಿಗೆ ಹೋಗುತ್ತದೋ, ಯಾರಿಗೆ ಬಡಿಯುತ್ತದೋ ಹೇಳಲಾಗದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಮಾತು. ಸಣ್ಣ ಕಾರಣಕ್ಕೆ ಥಟ್ಟನೆ ತಾಳ್ಮೆ ತಪ್ಪುವುದಕ್ಕಷ್ಟೇ ಇದನ್ನು ಬಳಸಿ. ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಕೋಪಕ್ಕೆ ಇದು ಒಗ್ಗುವುದಿಲ್ಲ. ‘ಸ್ಪಾರ್ಕ್ಸ್ ವಿಲ್ ಫ್ಲೈ’ ಎಂದರೆ ಕಿಡಿ ಹಾರುತ್ತದೆ, ಜಗಳ ಖಚಿತ. ಪಾಲಿಕೆಯ ಸಾಮಾನ್ಯ ಸಭೆಯ ವರದಿಗೆ ಹೇಳಿ ಮಾಡಿಸಿದ್ದು.

ನೊಣವನ್ನು ಬೇರೆ ಇಡಬೇಕು, ಏಕೆಂದರೆ ಅದು ಹಾರುವ ಕ್ರಿಯೆಯೇ ಅಲ್ಲ. ‘ಫ್ಲೈ’ ಹಿಂದೆ ‘ಎ’ ಇದ್ದರೆ ಅದು ಹುಳ ಎಂಬುದು ಒಳ್ಳೆಯ ಸುಳಿವು. ‘ಎ ಫ್ಲೈ ಆನ್ ದಿ ವಾಲ್’: ಗೋಡೆಯ ಮೇಲಿನ ನೊಣದಂತೆ ಯಾರ ಗಮನಕ್ಕೂ ಬಾರದೆ ಒಳಗಿನ ಮಾತು ಕೇಳುವವನು. ಟಿಕೆಟ್ ಹಂಚಿಕೆಯ ಸಭೆಯಲ್ಲಿ ಅಂಥ ನೊಣವಾಗಿದ್ದರೆ ಎಂದು ಆಸೆಪಡದ ಪತ್ರಕರ್ತರಿಲ್ಲ. ‘ಎ ಫ್ಲೈ ಇನ್ ದಿ ಆಯಿಂಟ್ಮೆಂಟ್’: ಎಲ್ಲ ಸರಿಯಿದ್ದೂ ಒಂದೇ ಕೊರೆಯಿಂದ ಇಡೀ ಸುಖ ಕೆಡುವುದು. ಬೈಬಲ್ಲಿನ ಪ್ರಸಂಗಿ ಭಾಗದ ಹತ್ತನೆಯ ಅಧ್ಯಾಯದ ಮೊದಲ ವಚನದಲ್ಲಿ ಸುಗಂಧ ತೈಲದಲ್ಲಿ ಸತ್ತುಬಿದ್ದ ನೊಣ ಬರುತ್ತದೆ, ಮೂಲ ಅದೇ. ‘ವುಡಂಟ್ ಹರ್ಟ್ ಎ ಫ್ಲೈ’: ಇರುವೆಯನ್ನೂ ತುಳಿಯದಷ್ಟು ಸಾಧು. ಆದರೆ ‘ಡ್ರಾಪಿಂಗ್ ಲೈಕ್ ಫ್ಲೈಸ್’ನಲ್ಲಿ ‘ಎ’ ಇಲ್ಲ, ಆದರೂ ಅದು ನೊಣವೇ. ಒಬ್ಬರ ಹಿಂದೊಬ್ಬರು ದೊಪದೊಪನೆ ಬೀಳುವುದು ಎಂದರ್ಥ. ‘ಆನ್ ದಿ ಫ್ಲೈ’ಯಲ್ಲಿ ನೊಣ ಇಲ್ಲವೇ ಇಲ್ಲ: ಕೆಲಸ ನಡೆದಿರುವಾಗಲೇ, ಓಡಾಡುತ್ತಲೇ ಮಾಡುವುದು. ಸಾಫ್ಟ್‌ವೇರ್ ಹುಡುಗರು ದಿನವಿಡೀ ಹೇಳುವ ಮಾತಿದು. ನಮ್ಮ ‘ನೊಣ ಹೊಡೆಯುವುದು’, ಅಂದರೆ ಗಿರಾಕಿಯಿಲ್ಲದೆ ಅಂಗಡಿಯಲ್ಲಿ ಕೂರುವುದು, ಇಂಗ್ಲಿಷಿಗೆ ಅಕ್ಷರಶಃ ಹೋದರೆ ಯಾರಿಗೂ ತಿಳಿಯದು. ಸಂದರ್ಶನದಲ್ಲಿ ಆ ಸಾಹಸ ಬೇಡ.

ಹಕ್ಕಿಗಳಲ್ಲಿ ಕಾಗೆಗೆ ಎಚ್ಚರ. ‘ಆ್ಯಸ್ ದಿ ಕ್ರೋ ಫ್ಲೈಸ್’ ಎಂದರೆ ರಸ್ತೆಯ ತಿರುವು ಮುರುವು ಬಿಟ್ಟು ನೆಟ್ಟಗೆ ಅಳೆದ ದೂರ. ಧಾರವಾಡದಿಂದ ಪಣಜಿಗೆ ಕಾಗೆಯ ಲೆಕ್ಕದಲ್ಲಿ ಸುಮಾರು 125 ಕಿಲೋಮೀಟರ್. ಅಳ್ನಾವರ, ಲೋಂಡಾ ದಾಟಿ ಘಟ್ಟ ಇಳಿದು ಹೋದರೆ 150 ಮೀರುತ್ತದೆ. ಕನ್ನಡದ ‘ಕಾಗೆ ಹಾರಿಸು’ವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮದು ಸುಳ್ಳು ಹೊಸೆಯುವುದು, ರೈಲು ಬಿಡುವುದು. (ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, 1,507 ಮೀಟರಿನ ಪ್ಲಾಟ್‌ಫಾರ್ಮು ಎರಡೂ ಇರುವ ಹುಬ್ಬಳ್ಳಿಯವರಿಗೆ ರೈಲು ಬಿಡುವ ಹಕ್ಕು ತುಸು ಹೆಚ್ಚೇ ಇದೆ.)

‘ದಿ ಬರ್ಡ್ ಹ್ಯಾಸ್ ಫ್ಲೋನ್’ ಮಾತ್ರ ಕನ್ನಡದ ಹಾಗೇ: ಹಕ್ಕಿ ಹಾರಿಹೋಗಿದೆ, ಬೇಕಾದವನು ಪರಾರಿ. 1642ರ ಜನವರಿಯಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಐವರು ಸಂಸದರನ್ನು ಹಿಡಿಯಲು ಸ್ವತಃ ಸಂಸತ್ತಿಗೆ ನುಗ್ಗಿದಾಗ ಅವರು ಆಗಲೇ ಜಾಗ ಖಾಲಿ ಮಾಡಿದ್ದರು. ದೊರೆ ಆಡಿದ್ದು ಇದೇ ಹಕ್ಕಿಗಳ ಮಾತು. ‘ಕ್ಲಿಪ್ ಸಮ್‌ಒನ್ಸ್ ವಿಂಗ್ಸ್’ ಎಂದರೆ ರೆಕ್ಕೆ ಕತ್ತರಿಸುವುದು, ‘ಟೇಕ್ ಅಂಡರ್ ಒನ್ಸ್ ವಿಂಗ್’ ಎಂದರೆ ಆಸರೆ ಕೊಟ್ಟು ಬೆಳೆಸುವುದು. ಇವಕ್ಕೆ ವಿವರಣೆ ಬೇಡ. ‘ಪಿಗ್ಸ್ ಮೈಟ್ ಫ್ಲೈ’ ಎಂದರೆ ಕತ್ತೆಗೆ ಕೋಡು ಮೂಡಿದಾಗ ಆ ಕೆಲಸ ಆದೀತು ಎಂಬ ವ್ಯಂಗ್ಯ.

‘ಫ್ಲೈ ಇನ್ ದಿ ಫೇಸ್ ಆಫ್’ ಪರೀಕ್ಷೆಯವರಿಗೆ ಪ್ರಿಯ, ಅಭ್ಯರ್ಥಿಗಳಿಗೆ ಕಂಟಕ. ಮುಖದ ಮೇಲೇ ಎರಗುವ ಹಕ್ಕಿಯನ್ನು ಕಣ್ಣಮುಂದೆ ತಂದುಕೊಳ್ಳಿ. ‘ಹಿಸ್ ಡಿಸಿಷನ್ ಫ್ಲೈಸ್ ಇನ್ ದಿ ಫೇಸ್ ಆಫ್ ಕಾಮನ್ ಸೆನ್ಸ್’ ಎಂಬ ವಾಕ್ಯ ಕೊಟ್ಟು, ಕೆಳಗೆ ನಾಲ್ಕು ಆಯ್ಕೆ: ವಿವೇಕಕ್ಕೆ ಅನುಗುಣವಾಗಿದೆ, ವಿವೇಕಕ್ಕೆ ನೇರ ವಿರುದ್ಧವಾಗಿದೆ, ಬೇಗ ತೆಗೆದುಕೊಂಡದ್ದು, ಮುಖ ನೋಡಿ ಮಾಡಿದ್ದು. ಕೊನೆಯದು ಬಲೆ. ‘ಫೇಸ್’ ಕಂಡ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ. ಮೂರನೆಯದೂ ಬಲೆಯೇ, ಹಾರುವುದು ಎಂದರೆ ವೇಗ ಎಂದುಕೊಂಡವರಿಗಾಗಿ. ಸರಿಯುತ್ತರ ಎರಡನೆಯದು.

ಗಾಳಿಪಟವನ್ನು ಬ್ಯಾಂಕ್ ಪರೀಕ್ಷೆ ಬರೆಯುವವರು ಬಿಡಬಾರದು. ಅಮೆರಿಕನ್ನರ ‘ಗೋ ಫ್ಲೈ ಎ ಕೈಟ್’ ಎಂದರೆ “ನಡಿಯಪ್ಪಾ, ತಲಿ ತಿನ್ನಬ್ಯಾಡ”. ಬ್ರಿಟಿಷರ ‘ಫ್ಲೈ ಎ ಕೈಟ್’ ಎಂದರೆ ಗಾಳಿ ಯಾವ ಕಡೆಗಿದೆ ನೋಡಲು ಒಂದು ವಿಚಾರವನ್ನು ತೇಲಿಬಿಡುವುದು. ತೆರಿಗೆ ಏರಿಸುವ ಮೊದಲು ಸಚಿವರೊಬ್ಬರು ಸುಮ್ಮನೆ ಒಂದು ಹೇಳಿಕೆ ಕೊಟ್ಟು ಜನ ಏನೆನ್ನುತ್ತಾರೆ ಎಂದು ಕಾಯುವುದಿಲ್ಲವೇ, ಅದು. ಬ್ಯಾಂಕಿನವರ ‘ಕೈಟ್ ಫ್ಲೈಯಿಂಗ್’ ಬೇರೆಯೇ. ಖಾತೆಯಲ್ಲಿ ಹಣವಿಲ್ಲದೆ ಒಂದು ಬ್ಯಾಂಕಿನ ಚೆಕ್ಕನ್ನು ಇನ್ನೊಂದಕ್ಕೆ, ಅದರದ್ದನ್ನು ಮತ್ತೆ ಇದಕ್ಕೆ ಹಾಕುತ್ತ, ಚೆಕ್ ನಗದಾಗುವ ನಡುವಿನ ಅವಧಿಯಲ್ಲಿ ಇಲ್ಲದ ಹಣವನ್ನು ಇದ್ದಂತೆ ತೋರಿಸಿ ಬಳಸಿಕೊಳ್ಳುವ ವಂಚನೆ. ಸರಕೇ ಕೈಬದಲಾಗದ ಹುಸಿ ಹುಂಡಿಗಳ ಮೇಲೆ ಸಾಲ ಎತ್ತುವುದಕ್ಕೂ ಇದೇ ಹೆಸರು.

ಕೊನೆಗೆ ನಿಜವಾದ ವಿಮಾನ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಗ್ಗದ ದರದ ಏರ್ ಡೆಕ್ಕನ್ ಶುರುಮಾಡಿದಾಗ ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಒಂದಾಗಿತ್ತು. 2018ರಲ್ಲಿ ಉಡಾನ್ ಯೋಜನೆ ಹುಬ್ಬಳ್ಳಿಗೂ ಬಂದ ಮೇಲೆ ಗೋಕುಲ ರಸ್ತೆಯ ನಿಲ್ದಾಣಕ್ಕೆ ಕಳೆ ಬಂತು. ವಿಮಾನದಿಂದ ಬಂದ ನುಡಿಗಟ್ಟುಗಳಿಗೆ ವಯಸ್ಸು ಕಡಿಮೆ, ಹುಟ್ಟಿದ ಕಥೆಯೂ ಹೆಚ್ಚು ಸ್ಪಷ್ಟ.

‘ಫ್ಲೈ ಬೈ ದಿ ಸೀಟ್ ಆಫ್ ಯುವರ್ ಪ್ಯಾಂಟ್ಸ್’ ಕೇಳಿ ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ಮೊದಲ ತಲೆಮಾರಿನ ವಿಮಾನಗಳಲ್ಲಿ ಉಪಕರಣ ಕಡಿಮೆ. ವಿಮಾನ ವಾಲುತ್ತಿದೆಯೋ, ಜಾರುತ್ತಿದೆಯೋ ಎಂಬುದನ್ನು ಪೈಲಟ್ ತಿಳಿಯುತ್ತಿದ್ದದ್ದು ಕುಳಿತ ಜಾಗದ ಅದುರಿನಿಂದ. 1938ರ ಜುಲೈನಲ್ಲಿ ಡಗ್ಲಸ್ ಕಾರಿಗನ್ ಎಂಬಾತ ಕ್ಯಾಲಿಫೋರ್ನಿಯಕ್ಕೆಂದು ನ್ಯೂಯಾರ್ಕಿನಿಂದ ಹೊರಟು ಐರ್ಲೆಂಡಿನಲ್ಲಿ ಹೋಗಿ ಇಳಿದ. ಅಟ್ಲಾಂಟಿಕ್ ದಾಟಲು ಅವನಿಗೆ ಅನುಮತಿ ಸಿಕ್ಕಿರಲಿಲ್ಲ. ದಿಕ್ಸೂಚಿ ಓದುವುದರಲ್ಲಿ ತಪ್ಪಿದೆ ಎಂದು ಕೊನೆಯವರೆಗೂ ಸಾಧಿಸಿದ. ನಂಬುವವರು ನಂಬಲಿ. ಅವನ ಕುರಿತ ವರದಿಗಳಲ್ಲಿ ಪತ್ರಿಕೆಗಳು ಈ ಮಾತನ್ನು ಬಳಸಿದವು. ಅರ್ಥ: ಯೋಜನೆಯಿಲ್ಲದೆ, ಅನುಭವ ಮತ್ತು ಅಂದಾಜಿನ ಮೇಲೆ ನಿಭಾಯಿಸುವುದು. ಇದರಲ್ಲಿ ಒಂದಿಷ್ಟು ಮೆಚ್ಚುಗೆ ಇದೆ. ‘ಫ್ಲೈ ಬ್ಲೈಂಡ್’ನಲ್ಲಿ ಅದಿಲ್ಲ, ಏನೂ ಗೊತ್ತಿಲ್ಲದೆ ಕತ್ತಲಲ್ಲಿ ಕಲ್ಲು ಹೊಡೆದಂತೆ ಸಾಗುವುದು. ‘ವಿಂಗ್ ಇಟ್’ ಎಂದರೂ ಪೂರ್ವಸಿದ್ಧತೆಯಿಲ್ಲದೆ ನಡೆಸುವುದೇ. ಆದರೆ ಆ ‘ವಿಂಗ್’ ರಂಗಭೂಮಿಯ ಪಕ್ಕದ ಮರೆ. ಮಾತು ಬಾಯಿಪಾಠವಾಗದ ನಟ ಅಲ್ಲಿ ನಿಂತು ಕೊನೇ ಗಳಿಗೆಯಲ್ಲಿ ಓದಿಕೊಂಡು ಒಳಗೆ ಹೋಗುತ್ತಿದ್ದ. ಕಂಪನಿ ನಾಟಕ ಕಂಡ ನಮ್ಮ ಭಾಗದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

‘ಫ್ಲೈ ಅಂಡರ್ ದಿ ರೇಡಾರ್’ ಎಂದರೆ ಯಾರ ಕಣ್ಣಿಗೂ ಬೀಳದಂತೆ ಇದ್ದುಬಿಡುವುದು. ‘ಆನ್ ಆಟೋಪೈಲಟ್’ ಎಂದರೆ ತಲೆ ಓಡಿಸದೆ ರೂಢಿಯಂತೆ ಮಾಡುವುದು. ‘ಪುಶ್ ದಿ ಎನ್ವೆಲಪ್’ ಎಂದರೆ, ಕಚೇರಿಗಳಿಗೆ ಅಲೆದವರು ಏನೇ ಅಂದುಕೊಳ್ಳಲಿ, ಮೇಜಿನ ಕೆಳಗಿಂದ ಲಕೋಟೆ ಸರಿಸುವುದಲ್ಲ. ಒಂದು ವಿಮಾನ ಎಷ್ಟು ಎತ್ತರ, ಎಷ್ಟು ವೇಗ ತಾಳಬಲ್ಲದು ಎಂಬ ಸುರಕ್ಷಿತ ಮಿತಿಯ ಗೆರೆಗೆ ಎಂಜಿನಿಯರುಗಳು ಎನ್ವೆಲಪ್ ಎನ್ನುತ್ತಾರೆ. ಪರೀಕ್ಷಾ ಪೈಲಟ್‌ಗಳು ಆ ಗೆರೆಯನ್ನು ಆಚೆ ತಳ್ಳುತ್ತಿದ್ದರು. 1979ರಲ್ಲಿ ಟಾಮ್ ವುಲ್ಫ್ ಬರೆದ ‘ದಿ ರೈಟ್ ಸ್ಟಫ್’ ಪುಸ್ತಕದಿಂದ ಇದು ಊರ ಬಾಯಿಗೆ ಬಂತು.

ಉಳಿದವು ಸುಲಭ. ‘ಫ್ಲೈಯಿಂಗ್ ವಿಸಿಟ್’ ಎಂದರೆ ನಿಂತ ಹೆಜ್ಜೆಯಲ್ಲಿ ಬಂದು ಹೋಗುವುದು. ‘ಫ್ಲೈಯಿಂಗ್ ಸ್ಟಾರ್ಟ್’ ಎಂದರೆ ಮೊದಲ ಹೆಜ್ಜೆಯೇ ಭರ್ಜರಿ. ‘ಫ್ಲೈಯಿಂಗ್ ಸ್ಕ್ವಾಡ್’ ಪರೀಕ್ಷೆ ಬರೆದವರಿಗೆಲ್ಲ ಗೊತ್ತು. ‘ದಟ್ ವೋಂಟ್ ಫ್ಲೈ’ ಎಂದರೆ ಅದು ನಡೆಯದ ಮಾತು. ‘ಹೈ ಫ್ಲೈಯರ್’ ಇಂಗ್ಲಿಷಿನಲ್ಲಿ ಹೊಗಳಿಕೆ, ಮೇಲೇರುವ ಪ್ರತಿಭಾವಂತ. ಅದನ್ನೇ ಕನ್ನಡಕ್ಕೆ ತಂದು “ಅಂವಾ ಭಾಳ ಹಾರಾಡ್ತಾನ” ಎಂದರೆ ಬೈದಂತೆ.

ಬಳಕೆಯಲ್ಲಿ ಎರಡು ಮಾತು. ‘ಫ್ಲೈ’ಯ ಭೂತಕಾಲ ‘ಫ್ಲೂ’, ಮುಂದಿನ ರೂಪ ‘ಫ್ಲೋನ್’. ‘ಫ್ಲೈಡ್’ ಎಂದು ಬರೆಯಬೇಡಿ. ನುಡಿಗಟ್ಟಿನ ಒಳಗಿನ ಪದ ಬದಲಿಸಲೂ ಹೋಗಬೇಡಿ: ‘ಫ್ಲೈಯಿಂಗ್ ಫ್ಲ್ಯಾಗ್ಸ್’ ಎಂದರೆ ಅರ್ಥ ಕೆಟ್ಟಿತು. ಇವು ಭಾಷಣ, ಅಂಕಣ, ಗೆಳೆಯರ ಮಾತಿಗೆ ಚೆಂದ. ರಜಾ ಅರ್ಜಿಗೆ, ಸಾಲದ ಅರ್ಜಿಗೆ ಬೇಡ.

ಪರೀಕ್ಷಾ ಕೊಠಡಿಯಲ್ಲಿ ಅಪರಿಚಿತ ನುಡಿಗಟ್ಟು ಬಂದರೆ ಮೊದಲು ಅಕ್ಷರಶಃ ಅರ್ಥ ಹೇಳುವ ಆಯ್ಕೆಯ ಮೇಲೆ ಅನುಮಾನಪಡಿ, ಹೆಚ್ಚಿನ ಸಲ ಬಲೆ ಅದೇ. ನಂತರ ಹಾರುವುದು ಯಾವುದು ಎಂದು ಕೇಳಿಕೊಂಡು ಇನ್ನೊಂದನ್ನು ಹೊಡೆದುಹಾಕಿ. ಎರಡೇ ಉಳಿದರೆ ಧೈರ್ಯವಾಗಿ ಗುರುತು ಹಾಕಬಹುದು. ಸರಿಯಾದರೆ 2, ತಪ್ಪಾದರೆ ಅರ್ಧ ಕಡಿತ ಎಂಬ ಸಿಜಿಎಲ್ ಮೊದಲ ಹಂತದ ಲೆಕ್ಕದಲ್ಲಿ ಅಂಥ ಒಂದೊಂದು ಪ್ರಶ್ನೆಗೆ ಸರಾಸರಿ ಮುಕ್ಕಾಲು ಅಂಕ ಕೈಗೆ ಬರುತ್ತದೆ. ಬ್ಯಾಂಕ್ ಪರೀಕ್ಷೆಯಲ್ಲಿ ಆಯ್ಕೆ ಐದು, ಸರಿಗೆ 1, ತಪ್ಪಿಗೆ ಕಾಲು ಕಡಿತವಿದ್ದರೆ, ಒಂದನ್ನೂ ಹೊಡೆದುಹಾಕದೆ ಕಣ್ಣು ಮುಚ್ಚಿ ಗುರುತು ಹಾಕುವವನ ಸರಾಸರಿ ಗಳಿಕೆ ಸೊನ್ನೆ.